ರೋಗಿಯ ಗುಟ್ಟೂ ನ್ಯಾಯಸ್ಥಾನವೂ

ವೈದ್ಯನಲ್ಲಿಯೂ ವಕೀಲನಲ್ಲಿಯೂ ಏನನ್ನೂ ಮುಚ್ಚಿಡಬಾರದೆಂದು ಹಿರಿಯರು ಹೇಳುವುದುಂಟು. ಹಾಗೆ ನಂಬಿ ಹೇಳಿದ ಮಾತು ನಾಳೆ ನ್ಯಾಯಸ್ಥಾನದಲ್ಲಿ ಹೊರಬಿದ್ದರೆ ಗತಿಯೇನು? ನಮ್ಮ ದೇಶದ 1872ರ ಸಾಕ್ಷ್ಯಶಾಸನವು ವಕೀಲನೊಡನೆ ಆಡಿದುದನ್ನೂ ಗಂಡಹೆಂಡಿರೊಳಗಿನ ಮಾತನ್ನೂ ಕಾಪಾಡಿತು. ವೈದ್ಯನಿಗೆ ಹೇಳಿದುದನ್ನು ಕಾಪಾಡಲಿಲ್ಲ. ಅದರ ಸ್ಥಾನದಲ್ಲಿ ಬಂದಿರುವ 2023ರ ಶಾಸನದಲ್ಲಿಯೂ ಈ ಭೇದವು ಹಾಗೆಯೇ ಉಳಿದಿದೆ. ಮೈಯ ರೋಗಕ್ಕೆ ಗುಳಿಗೆ, ಕಷಾಯಗಳಿವೆ. ಮನಸ್ಸಿನ ರೋಗಕ್ಕೋ ಬಿಚ್ಚಿ ಹೇಳುವ ಮಾತೇ ಅನೇಕ ವೇಳೆ ಔಷಧ. ಆದುದರಿಂದ ಅಮೆರಿಕದ ಒಂದು ವ್ಯಾಜ್ಯವನ್ನು ವಾಚಕರ ಮುಂದಿಡುತ್ತೇವೆ.

1991ರ ಜೂನ್ ತಿಂಗಳಿನಲ್ಲಿ ಇಲಿನಾಯ್ ಸಂಸ್ಥಾನದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಲ್ಲಿ, ಜಗಳವನ್ನು ತಡೆಯಲು ಹೋದ ಪೋಲೀಸ್ ಅಧಿಕಾರಿಣಿಯೊಬ್ಬಳು ಗುಂಡು ಹಾರಿಸಿ ಒಬ್ಬನನ್ನು ಕೊಂದಳು. ಅವನು ಕತ್ತಿ ಹಿಡಿದು ಮತ್ತೊಬ್ಬನನ್ನು ಇರಿಯಲು ಅಟ್ಟಿಸಿಕೊಂಡು ಬಂದನೆಂದು ಆಕೆಯ ಹೇಳಿಕೆ. ಅವನ ಕೈಯಲ್ಲಿ ಆಯುಧವೇ ಇರಲಿಲ್ಲವೆಂದು ಅವನ ಒಡಹುಟ್ಟಿದವರ ಸಾಕ್ಷ್ಯ. ತರುವಾಯ ಆಕೆ ಪರವಾನಗಿ ಪಡೆದ ಸಮಾಜಸೇವಕಿಯೊಬ್ಬಳಲ್ಲಿ ಸುಮಾರು 50 ಸಲ ಮಾನಸಿಕ ಚಿಕಿತ್ಸೆಗೆ ಹೋದಳು. ಮೃತನ ಪಕ್ಷದವರು ಆ ಸಂಭಾಷಣೆಯ ಟಿಪ್ಪಣಿಗಳನ್ನು ಕೇಳಿದರು; ಇಬ್ಬರು ಹೆಂಗಸರೂ ಕೊಡಲೊಪ್ಪಲಿಲ್ಲ. ಹಾಗಾದರೆ ಅವು ಆಕೆಗೆ ಪ್ರತಿಕೂಲವಾಗಿರುವುವೆಂದು ಭಾವಿಸಬಹುದೆಂದು ನ್ಯಾಯಾಧೀಶರು ಜೂರಿಯವರಿಗೆ ತಿಳಿಸಿದರು. ಒಟ್ಟು 5,45,000 ಡಾಲರುಗಳ ಪರಿಹಾರ ವಿಧಿಸಲ್ಪಟ್ಟಿತು!

ಮೇಲಣ ನ್ಯಾಯಸ್ಥಾನವು ಇದನ್ನು ತಳ್ಳಿಹಾಕಿತು. 1996ರ ಜೂನ್ 13ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಏಳು ಮಂದಿ ಆ ಮಾತುಗಳನ್ನು ರಕ್ಷಿಸಿದರು. ಸ್ಟೀವನ್ಸರು ಬರೆದ ತೀರ್ಪಿನ ತಿರುಳಿದು: ರಕ್ಷಣೆಯಿಲ್ಲದಿದ್ದರೆ ರೋಗಿಯು ಬಾಯಿಯನ್ನೇ ತೆರೆಯನು, ಆಗ ನ್ಯಾಯಸ್ಥಾನಕ್ಕೆ ಬೇಕಾದ ಸಾಕ್ಷ್ಯವೇ ಹುಟ್ಟಲಾರದು. ಗುಟ್ಟಿನ ಬೆಲೆಯನ್ನು ಆಮೇಲೆ ಒಬ್ಬ ನ್ಯಾಯಾಧೀಶನು ತೂಗಿ ನೋಡುವನೆಂದರೂ ಭರವಸೆ ಉಳಿಯದು. ಭಿನ್ನಮತ ಸೂಚಿಸಿದ ಸ್ಕಾಲಿಯಾ ಅವರ ಪ್ರಶ್ನೆಯೂ ತಮಾಷೆಯದಲ್ಲ. ಮನಸ್ಸಿನ ನೆಮ್ಮದಿಗೆ ಚಿಕಿತ್ಸಕನು ಬೇಕೋ ತಾಯಿ ಬೇಕೋ ಎಂದರೆ ಹೆಚ್ಚಿನವರು ತಾಯಿಯನ್ನೇ ಆರಿಸುವರು. ತಾಯಿಗೆ ಹೇಳಿದುದಕ್ಕೆ ಇಲ್ಲದ ರಕ್ಷಣೆ ಇವರಿಗೇಕೆ? ತಾಯಿಯ ಬಳಿ ಹೇಳಲಾಗದುದೂ ಇರುತ್ತದೆಂಬುದು ನಮ್ಮ ಉತ್ತರ. ಆದರೂ ಮಗನನ್ನು ಕಳೆದುಕೊಂಡ ಮನೆಯವರಿಗೆ ಈ ಉತ್ತರ ರುಚಿಸದೆಂಬುದನ್ನು ಬಲ್ಲೆವು.

ನಮ್ಮಲ್ಲಿ ಇಂಥ ಕಲಹ ಹೆಚ್ಚಾಗಿ ದಾಂಪತ್ಯದಲ್ಲಿ ಏಳುತ್ತದೆ. ಹೆಂಡತಿಗೆ ಬುದ್ಧಿಭ್ರಮೆಯೆಂದು ಗಂಡನು ವಿಚ್ಛೇದನ ಕೇಳಿದ ಮೊಕದ್ದಮೆಯೊಂದರಲ್ಲಿ, ಆಕೆಯನ್ನು ವೈದ್ಯಪರೀಕ್ಷೆಗೆ ಒಳಪಡಿಸುವ ಅಧಿಕಾರ ನ್ಯಾಯಸ್ಥಾನಕ್ಕುಂಟೆಂದೂ, ಒಪ್ಪದಿದ್ದರೆ ಪ್ರತಿಕೂಲವಾಗಿ ಊಹಿಸಬಹುದೆಂದೂ 2003ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿತು. ಮೊದಲು ಬಲವಾದ ಆಧಾರ ಬೇಕೆಂಬ ಕಟ್ಟು ಮಾತ್ರ ಇದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ರೋಗಿಯ ಗುಟ್ಟನ್ನು ಕಾಯಬೇಕೆಂದು ವಿಧಿಸಿದರೂ, ಇತರರಿಗೆ ಅಪಾಯವಿರುವಾಗಲೂ ಉಚ್ಚ ನ್ಯಾಯಾಲಯದ ಆಜ್ಞೆಯಾದಾಗಲೂ ಬಾಗಿಲು ತೆರೆಯುತ್ತದೆ. ಅದೇ ಕಾಯಿದೆಯ 25ನೆಯ ಕಲಮಿನಂತೆ ತನ್ನ ಚಿಕಿತ್ಸೆಯ ದಾಖಲೆಯನ್ನು ಕೇಳಿ ಪಡೆಯುವ ಹಕ್ಕು ರೋಗಿಗಿದೆ. ಓದಿದರೆ ಅವನ ಮನಸ್ಸಿಗೆ ಗುರುತರವಾದ ಹಾನಿಯಾದೀತೆಂದು ತೋರಿದರೆ ವೈದ್ಯರು ಅಷ್ಟನ್ನು ತಡೆಹಿಡಿಯಬಹುದು. ಆದರೆ ಮಂಡಲಿಗೆ ಅರ್ಜಿ ಹಾಕಿಕೊಳ್ಳಬಹುದೆಂಬುದನ್ನು ಅವರೇ ಅವನಿಗೆ ತಿಳಿಸಬೇಕು.