ಬೆಟ್ಟ ನಮ್ಮದು, ಪ್ರಬಂಧ ಎಲ್ಲಿದೆ?

ಯಳಂದೂರಿನವರಿಗೆ ಬಿಳಿಗಿರಿರಂಗನ ಬೆಟ್ಟ ದಿನವೂ ಕಾಣುವ ಬೆಟ್ಟ. ಅಲ್ಲಿನ ಪೋಡುಗಳಲ್ಲಿ ಸೋಲಿಗರ ಹಿರಿಯರು ಒಂದು ಮಾತು ಹೇಳುವುದುಂಟು: ಹಿಂದೆ ತರಗೆಲೆಗೆ ಸಣ್ಣದಾಗಿ ಬೆಂಕಿ ಇಡುತ್ತಿದ್ದೆವು, ಅದೇ ‘ತರಗು ಬೆಂಕಿ’, ಅದು ನಿಂತ ಮೇಲೆ ಲಂಟಾನ ಕಾಡನ್ನು ಮುಚ್ಚಿತು. ವಿಜ್ಞಾನಿಗಳು ಈ ಮಾತನ್ನು ಕೇಳಿಸಿಕೊಂಡರು. ಭರತ್ ಸುಂದರಂ ಮತ್ತು ಸಂಗಡಿಗರ ಪ್ರಬಂಧ 2012ರಲ್ಲಿ ‘ಹ್ಯೂಮನ್ ಎಕಾಲಜಿ’ ಎಂಬ ಅಂತರರಾಷ್ಟ್ರೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು.

ಆ ಹಿರಿಯರ ಮೊಮ್ಮಗಳೊಬ್ಬಳು ಯಳಂದೂರಿನಲ್ಲಿ ಪದವಿ ಓದುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ತಾತ ಹೇಳಿದ್ದು ಹೇಗೆ ಅಚ್ಚಾಗಿದೆ ಎಂದು ನೋಡುವ ಆಸೆ ಅವಳಿಗೆ. ಅಂತರ್ಜಾಲದಲ್ಲಿ ಸಾರಾಂಶ ಸಿಗುತ್ತದೆ. ಮುಂದಕ್ಕೆ ಹೋದರೆ ಹಣ ಕಟ್ಟಿ ಎನ್ನುತ್ತದೆ. ಇಂಥ ತಾಣಗಳಲ್ಲಿ ಒಂದೊಂದು ಲೇಖನಕ್ಕೆ ಮೂವತ್ತು-ನಲವತ್ತು ಡಾಲರ್ ಕೇಳುವುದು ಸಾಮಾನ್ಯ. ಪಾಲಕರು ಇಲ್ಲಿ ಅವಸರಪಟ್ಟು ಹಣ ಕಟ್ಟಬೇಕಾಗಿಲ್ಲ.

ಮೊದಲು ಹೋಗಬೇಕಾದದ್ದು ಕಾಲೇಜಿನ ಗ್ರಂಥಪಾಲಕರ ಬಳಿಗೆ. 2025ರ ಜನವರಿ 1ರಂದು ಆರಂಭವಾದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13 ಸಾವಿರ ನಿಯತಕಾಲಿಕಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆಯಲಾಯಿತು. ಕಾಲೇಜು ನೋಂದಣಿಯಾಗಿದ್ದರೆ ಕೆಲಸ ಅಲ್ಲೇ ಮುಗಿಯಬಹುದು. ಆಗಿದೆಯೇ ಎಂದು ಕೇಳುವ ವಿದ್ಯಾರ್ಥಿಗಳೇ ಕಡಿಮೆ.

ಅಲ್ಲಿ ಸಿಗದಿದ್ದರೆ ಉಳಿಯುವ ದಾರಿ ಅಂತರ ಗ್ರಂಥಾಲಯ ಎರವಲು ಸೇವೆ. ಒಂದು ಗ್ರಂಥಾಲಯದಲ್ಲಿ ಇಲ್ಲದ್ದನ್ನು ಅದು ಇನ್ನೊಂದರಿಂದ ತರಿಸಿಕೊಡುತ್ತದೆ. ಹೆಸರು ಎರವಲಾದರೂ ಲೇಖನವನ್ನು ಹಿಂದಿರುಗಿಸಬೇಕಿಲ್ಲ. ಬರುವುದು ಅದರ ಪ್ರತಿ. ಹಿಂದೆ ಜೆರಾಕ್ಸ್ ಪ್ರತಿ ಅಂಚೆಯಲ್ಲಿ ಬರುತ್ತಿತ್ತು. 1952ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ‘ಇನ್ಸ್‌ಡಾಕ್’ ಸಂಸ್ಥೆ ದೇಶದ ವಿಜ್ಞಾನಿಗಳಿಗೆ ಈ ಕೆಲಸವನ್ನು ದಶಕಗಳ ಕಾಲ ಮಾಡಿತು. ಈಗ ಬಹುಮಟ್ಟಿಗೆ ಇ-ಮೇಲ್‌ನಲ್ಲೇ ಬರುತ್ತದೆ. ಕೋರಿಕೆ ಮಾತ್ರ ಇಂದಿಗೂ ಸಾಮಾನ್ಯವಾಗಿ ಗ್ರಂಥಾಲಯದಿಂದ ಗ್ರಂಥಾಲಯಕ್ಕೆ ಹೋಗಬೇಕು. ವಿದ್ಯಾರ್ಥಿ ನೇರವಾಗಿ ಮಾನಸಗಂಗೋತ್ರಿಗೆ ಬಸ್ಸು ಹತ್ತುವ ಮುನ್ನ ತನ್ನ ಕಾಲೇಜಿನಿಂದ ಒಂದು ಪತ್ರ ಪಡೆಯುವುದು ಒಳ್ಳೆಯದು.

ಎಡವುವುದು ಎಲ್ಲಿ ಎಂದರೆ ಕೋರಿಕೆ ಬರೆಯುವಲ್ಲಿ. ‘ಬಿ.ಆರ್. ಹಿಲ್ಸ್ ಲಂಟಾನ ಬಗ್ಗೆ ಲೇಖನ ಬೇಕು’ ಎಂದು ಬರೆದರೆ ಎಂಥ ಗ್ರಂಥಪಾಲಕರೂ ಕೈಚೆಲ್ಲುತ್ತಾರೆ. ಅದೇ ಬೆಟ್ಟದ ಲಂಟಾನ ಕುರಿತು ಅದೇ ಸುಂದರಂ ಅವರ ಇನ್ನೊಂದು ಪ್ರಬಂಧ ಅದೇ 2012ರಲ್ಲಿ ‘ಬಯಲಾಜಿಕಲ್ ಇನ್ವೇಷನ್ಸ್’ ಎಂಬ ಬೇರೆ ನಿಯತಕಾಲಿಕದಲ್ಲಿ ಬಂದಿದೆ! ಯಾವುದನ್ನು ಕಳುಹಿಸಬೇಕು? ಲೇಖಕರು, ಶೀರ್ಷಿಕೆ, ನಿಯತಕಾಲಿಕದ ಪೂರ್ತಿ ಹೆಸರು, ಇಸವಿ, ಸಂಪುಟ, ಸಂಚಿಕೆ, ಪುಟ ಇಷ್ಟೂ ಬೇಕು. ‘ಹ್ಯೂಮನ್ ಎಕಾಲಜಿ, 2012, ಸಂಪುಟ 40, ಪುಟ 931ರಿಂದ 942’ ಎಂದಾಗ ಗೊಂದಲವೇ ಇಲ್ಲ. ಈ ವಿವರಗಳು ಉಚಿತವಾಗಿ ಕಾಣುವ ಸಾರಾಂಶದ ಪುಟದಲ್ಲೇ ಇರುತ್ತವೆ. ನೋಡಿ ಬರೆದುಕೊಳ್ಳುವ ತಾಳ್ಮೆ ಬೇಕು, ಅಷ್ಟೆ. ಪ್ರತಿ ಬಂದ ಮೇಲೆ ಅದು ಸ್ವಂತ ಅಧ್ಯಯನಕ್ಕೆ ಮಾತ್ರ. ಅಂಗಡಿಯಲ್ಲಿ ನೂರು ಪ್ರತಿ ತೆಗೆಸಿ ಮಾರುವುದಕ್ಕಲ್ಲ.

ಕೊಳ್ಳೇಗಾಲ, ಹನೂರು ಕಡೆಯ ಮಕ್ಕಳಿಗೆ ಇನ್ನೊಂದು ತೊಡಕಿದೆ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಾಗಾಗಿ ಹಳೆಯ ಲೇಖನ ಹುಡುಕುವವರು ಮೈಸೂರು ಎಂದಷ್ಟೇ ಹುಡುಕಿದರೆ ಸಾಲದು. ಕೊಯಮತ್ತೂರು ಎಂದೂ, ಸೋಲಿಗರಿಗೆ ಶೋಲಗ ಎಂದೂ ಹುಡುಕಬೇಕು. ಬೆಟ್ಟದ ಹೊನ್ನಮೇಟಿ ತೋಟದಲ್ಲಿದ್ದ ಆರ್.ಸಿ. ಮಾರಿಸ್ ಅವರು ಅಲ್ಲಿನ ಕಾಡುಪ್ರಾಣಿಗಳ ಬಗ್ಗೆ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕಕ್ಕೆ ಅನೇಕ ಟಿಪ್ಪಣಿಗಳನ್ನು ಬರೆದರು. ಆ ಹಳೆಯ ಸಂಪುಟಗಳು ‘ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ’ ಎಂಬ ತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಅವಕ್ಕೆ ಕೋರಿಕೆ, ಪತ್ರ ಯಾವುದೂ ಬೇಡ.