ಒಡೆತನ, ಜನವಸತಿ, ನಿಸರ್ಗರಕ್ಷಣೆ: ಸ್ಕಾಟ್ಲೆಂಡಿನ ಎರಡು ದ್ವೀಪ ಎಸ್ಟೇಟುಗಳು

‘ಎಸ್ಟೇಟು’ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳನ್ನು ನಾವು ಆ ಹೆಸರಿನಿಂದಲೇ ಕರೆಯುತ್ತ ಬಂದಿದ್ದೇವೆ. ಆದರೆ ಬ್ರಿಟನ್ನಿನ ಸಾಮಾಜಿಕ ಚರಿತ್ರೆಯನ್ನು ಅಭ್ಯಾಸಮಾಡುವ ವಿದ್ಯಾರ್ಥಿಯು ಈ ಶಬ್ದವನ್ನು ಇನ್ನೂ ವಿಶಾಲವಾದ ಅರ್ಥದಲ್ಲಿ ಗ್ರಹಿಸಬೇಕಾಗುತ್ತದೆ. ಅಲ್ಲಿನ ಹಳ್ಳಿಗಾಡಿನಲ್ಲಿ ಎಸ್ಟೇಟೆಂದರೆ ಒಬ್ಬ ಭೂಮಾಲೀಕನಿಗೆ ಸೇರಿದ ಸಮಸ್ತ ಪ್ರದೇಶ. ಮಾಲೀಕನ ಮಹಲು, ಗೇಣಿದಾರರ ಹೊಲಮನೆಗಳು, ಹುಲ್ಲುಗಾವಲು, ಕಾಡು, ಬೇಟೆಯ ಭೂಮಿ, ಕೆಲವೆಡೆ ಊರಿಗೆ ಊರೇ ಅದರೊಳಗೆ ಅಡಕವಾಗಿರುತ್ತದೆ. ಇಂಥ ಎಸ್ಟೇಟುಗಳಲ್ಲಿ ನಿಸರ್ಗವನ್ನು ಕಾಪಾಡುವ ಕಾರ್ಯವೂ ಅಲ್ಲಿ ಬಾಳುವ ಜನರ ಬದುಕೂ ಒಂದಕ್ಕೊಂದು ವಿರೋಧವೇ, ಪೂರಕವೇ? ಈ ಪ್ರಶ್ನೆಯನ್ನು ಪ್ರಕೃತ ಲೇಖನದಲ್ಲಿ ಎರಡು ನಿದರ್ಶನಗಳ ಮೂಲಕ ವಿಚಾರಿಸಲು ಉದ್ದೇಶಿಸಿದ್ದೇವೆ.

ಸ್ಕಾಟ್ಲೆಂಡಿನ ಪಶ್ಚಿಮ ತೀರದಾಚೆ, ಸ್ಕೈ ದ್ವೀಪದ ದಕ್ಷಿಣಕ್ಕೆ, ಎಗ್ ಮತ್ತು ರಮ್ ಎಂಬ ಎರಡು ದ್ವೀಪಗಳು ನೆರೆಹೊರೆಯಲ್ಲಿವೆ. ರಮ್ ದೊಡ್ಡದು, ಸುಮಾರು ೧೦೦ ಚದರ ಕಿಲೋಮೀಟರು. ಬೆಟ್ಟಗಳಿಂದ ತುಂಬಿದ್ದು, ಉಳುಮೆಗೆ ಯೋಗ್ಯವಾದ ನೆಲ ಅಲ್ಪ. ಎಗ್ ಚಿಕ್ಕದು, ಸುಮಾರು ೩೦ ಚದರ ಕಿಲೋಮೀಟರು. ೩೯೩ ಮೀಟರು ಎತ್ತರದ ಸ್ಗೂರ್ ಎಂಬ ಕರಿಬಂಡೆಯ ಶಿಖರವು ದೂರದಿಂದಲೇ ಅದರ ಗುರುತು. ಹವೆ, ಭಾಷೆ, ಪೂರ್ವಚರಿತ್ರೆಗಳಲ್ಲಿ ಇವೆರಡಕ್ಕೂ ಹೋಲಿಕೆ ಬಹಳ. ಇಪ್ಪತ್ತನೆಯ ಶತಮಾನದಲ್ಲಿ ಮಾತ್ರ ಇವು ಬೇರೆ ಬೇರೆ ದಾರಿಗಳನ್ನು ಹಿಡಿದುವು. ಹೋಲಿಕೆಯ ನಡುವೆ ಕಾಣುವ ಈ ವ್ಯತ್ಯಾಸವೇ ಚರಿತ್ರೆಯ ವಿದ್ಯಾರ್ಥಿಗೆ ಉಪಯುಕ್ತವಾದದ್ದು.

ಮೊದಲು ಹಿನ್ನೆಲೆಯನ್ನು ಅರಿತುಕೊಳ್ಳೋಣ. ಹೈಲೆಂಡ್ಸ್ ಪ್ರದೇಶದಲ್ಲಿ ನೆಲವು ಕುಲದ ನಾಯಕನ ಹೆಸರಿನಲ್ಲಿದ್ದರೂ ಅದರ ಮೇಲೆ ಕುಲದವರೆಲ್ಲರಿಗೂ ಬಾಧ್ಯತೆಯುಂಟೆಂಬ ಭಾವನೆ ಬಹುಕಾಲ ಬಲವಾಗಿದ್ದಿತು. ಈ ಭಾವನೆಗೆ ಕಾಯಿದೆಯ ಆಧಾರವಿರಲಿಲ್ಲ. ೧೮ನೆಯ ಶತಮಾನದ ತರುವಾಯ ನಾಯಕನು ಕೇವಲ ಜಮೀನ್ದಾರನಾಗಿ ಮಾರ್ಪಟ್ಟನು. ಕಡಲಪಾಚಿಯನ್ನು ಸುಟ್ಟು ಕ್ಷಾರವನ್ನು ತೆಗೆಯುವ ಕಸಬು ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ ಕುಸಿದುಬಿದ್ದಿತು. ಒಕ್ಕಲುಗಳಿಂದ ಬರುವ ಗೇಣಿಗಿಂತ ಕುರಿಸಾಕಣೆಯಿಂದ ಬರುವ ಆದಾಯವೇ ಹೆಚ್ಚೆಂದು ಮಾಲೀಕರು ಕಂಡುಕೊಂಡರು. ಪರಿಣಾಮವಾಗಿ ೧೮೨೬ರಲ್ಲಿ ರಮ್ ದ್ವೀಪದ ಸುಮಾರು ೩೦೦ ಮಂದಿಯನ್ನು ಒಕ್ಕಲೆಬ್ಬಿಸಿ, ಹಡಗುಗಳಲ್ಲಿ ಕೆನಡಾದ ತೀರಕ್ಕೆ ಸಾಗಿಸಲಾಯಿತು. ಉಳಿದವರಲ್ಲಿ ಬಹುಪಾಲು ಜನರು ಒಂದೆರಡು ವರ್ಷಗಳಲ್ಲಿಯೇ ಅವರನ್ನು ಹಿಂಬಾಲಿಸಿದರು. ಎಗ್ ದ್ವೀಪದಲ್ಲಿ ೧೮೫೩ರಲ್ಲಿ ಗ್ರೂಲಿನ್ ಎಂಬ ಹಳ್ಳಿಯ ೧೪ ಸಂಸಾರಗಳು ಇದೇ ಕಾರಣದಿಂದ ನೆಲೆ ಕಳೆದುಕೊಂಡುವು. ಅವರ ಮನೆಗಳ ಕಲ್ಲುಗೋಡೆಗಳು ಸ್ಗೂರ್ ಶಿಖರದ ಬುಡದಲ್ಲಿ ಇಂದಿಗೂ ನಿಂತಿವೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಇಂದು ಪ್ರವಾಸಿಗಳು ಮೆಚ್ಚಿ ನೋಡುವ ಹೈಲೆಂಡ್ಸಿನ ನಿರ್ಜನ ಬೆಟ್ಟಸಾಲುಗಳು ಆದಿಯಿಂದಲೂ ನಿರ್ಜನವಾಗಿದ್ದುವೆಂದು ಭಾವಿಸುವುದು ತಪ್ಪು. ಅವುಗಳ ಬರಿದುತನದಲ್ಲಿ ಬಹುಭಾಗ ಮನುಷ್ಯರ ತೀರ್ಮಾನಗಳಿಂದಲೇ ಉಂಟಾದುದು. ಆ ತೀರ್ಮಾನಗಳಿಗೆ ತಾರೀಖುಗಳಿವೆ, ದಾಖಲೆಗಳಿವೆ. ಜನರನ್ನು ತೆರವುಮಾಡಿಸಿದ ನೆಲವನ್ನೇ ‘ಕಾಡುನೆಲ’ವೆಂದು ಕರೆದು, ಅದೇ ಸ್ಥಿತಿಯಲ್ಲಿ ಕಾಪಾಡಲು ಹೊರಟರೆ, ಅನ್ಯಾಯದ ಫಲವನ್ನೇ ನಿಸರ್ಗದ ಸಹಜಸ್ಥಿತಿಯೆಂದು ಒಪ್ಪಿಕೊಂಡಂತಾಗುತ್ತದೆ.

ಪ್ರತಿಭಟನೆಗಳ ಬಳಿಕ ಬ್ರಿಟಿಷ್ ಪಾರ್ಲಿಮೆಂಟು ೧೮೮೬ರಲ್ಲಿ ಕ್ರಾಫ್ಟರುಗಳ ಕಾಯಿದೆಯನ್ನು ಅಂಗೀಕರಿಸಿತು. ಕ್ರಾಫ್ಟ್ ಎಂದರೆ ಸಣ್ಣ ಹಿಡುವಳಿ. ಅಂಥ ಹಿಡುವಳಿದಾರರನ್ನು ಗೇಣಿ ಸಲ್ಲಿಸುವವರೆಗೆ ಮನಬಂದಂತೆ ಎಬ್ಬಿಸಲಾಗದೆಂದೂ, ಹಿಡುವಳಿಯು ಮಕ್ಕಳಿಗೆ ಸಲ್ಲುವುದೆಂದೂ ಈ ಕಾಯಿದೆ ವಿಧಿಸಿತು. ಎಗ್ ದ್ವೀಪದ ಕ್ಲೆಡೇಲ್ ಭಾಗದಲ್ಲಿ ಇಂಥ ಹಿಡುವಳಿಗಳು ಉಳಿದುಕೊಂಡುವು. ರಮ್ ದ್ವೀಪದಲ್ಲಿಯಾದರೋ ಕಾಯಿದೆಯ ರಕ್ಷಣೆಯನ್ನು ಪಡೆಯಲು ಹಳೆಯ ಒಕ್ಕಲುಗಳೇ ಉಳಿದಿರಲಿಲ್ಲ.

ಮುಂದೆ ಎರಡು ದ್ವೀಪಗಳೂ ಹೊಸ ಧನಿಕರ ಕೈಸೇರಿದುವು. ಜವಳಿ ಯಂತ್ರಗಳ ತಯಾರಿಕೆಯಿಂದ ಶ್ರೀಮಂತರಾದ ಲ್ಯಾಂಕಷೈರಿನ ಬುಲ್ಲೊ ಮನೆತನದವರು ರಮ್ ದ್ವೀಪವನ್ನು ಕೊಂಡು, ೧೯ನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಕಿನ್‌ಲಾಕ್ ಕೋಟೆಯೆಂಬ ಮಹಲನ್ನು ಕಟ್ಟಿಸಿದರು. ದ್ವೀಪವನ್ನು ಜಿಂಕೆಯ ಬೇಟೆಗೆ ಮೀಸಲಿಟ್ಟರು. ಎಗ್ ದ್ವೀಪವು ೧೯೨೦ರ ದಶಕದಲ್ಲಿ ರನ್ಸಿಮನ್ ಮನೆತನಕ್ಕೆ ಸೇರಿತು. ಕ್ರೂಸೇಡುಗಳ ಚರಿತ್ರೆಯನ್ನು ಬರೆದು ಖ್ಯಾತರಾದ ಸ್ಟೀವನ್ ರನ್ಸಿಮನ್ನರು ಈ ಮನೆತನದವರೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ಈ ಮನೆತನದ ಆಡಳಿತವನ್ನು ದ್ವೀಪವಾಸಿಗಳು ಬಹುಮಟ್ಟಿಗೆ ಒಳ್ಳೆಯ ಕಾಲವೆಂದೇ ನೆನೆಯುತ್ತಾರೆ. ಆದರೆ ಆ ಒಳಿತಿಗೆ ಆಧಾರವಾಗಿದ್ದುದು ಮಾಲೀಕರ ಸೌಜನ್ಯವೇ ಹೊರತು ಒಕ್ಕಲುಗಳ ಹಕ್ಕಲ್ಲ. ೧೯೬೬ರಲ್ಲಿ ದ್ವೀಪವು ಮಾರಾಟವಾದಾಗ ಈ ವ್ಯತ್ಯಾಸ ಎಲ್ಲರಿಗೂ ಸ್ಪಷ್ಟವಾಯಿತು.

ಅಷ್ಟರಲ್ಲಿ ರಮ್ ದ್ವೀಪದ ದಾರಿ ಬದಲಾಗಿತ್ತು. ೧೯೫೭ರಲ್ಲಿ ಬ್ರಿಟಿಷ್ ಸರ್ಕಾರದ ನಿಸರ್ಗರಕ್ಷಣಾ ಸಂಸ್ಥೆಯು ಇಡೀ ದ್ವೀಪವನ್ನು ಕೊಂಡುಕೊಂಡು, ಅದನ್ನು ರಾಷ್ಟ್ರೀಯ ನಿಸರ್ಗಧಾಮವೆಂದು ಘೋಷಿಸಿತು. ಇದರಿಂದಾದ ವೈಜ್ಞಾನಿಕ ಲಾಭವನ್ನು ಅಲ್ಲಗಳೆಯುವಂತಿಲ್ಲ. ಕೆಂಪು ಜಿಂಕೆಗಳನ್ನು ಒಂದೊಂದಾಗಿ ಗುರುತಿಸಿ, ತಲೆಮಾರುಗಳವರೆಗೆ ಅವುಗಳ ಬಾಳನ್ನು ದಾಖಲಿಸುವ ಸಂಶೋಧನೆ ೧೯೭೨ರಿಂದ ಅಲ್ಲಿ ನಡೆದುಬಂದಿದೆ. ಬ್ರಿಟನ್ನಿನಿಂದ ಕಣ್ಮರೆಯಾಗಿದ್ದ ಬಿಳಿಬಾಲದ ಕಡಲಹದ್ದನ್ನು ನಾರ್ವೆಯಿಂದ ತಂದು ೧೯೭೫ರಿಂದ ರಮ್ ದ್ವೀಪದಲ್ಲಿಯೇ ಬಿಡಲಾಯಿತು. ಆ ಹಕ್ಕಿ ಇಂದು ಪಶ್ಚಿಮ ತೀರದಲ್ಲಿ ಮತ್ತೆ ಸಂಸಾರ ಹೂಡಿದೆ. ಆದರೆ ದ್ವೀಪದಲ್ಲಿ ವಾಸಿಸುವವರು ಬಹುತೇಕ ಸಂಸ್ಥೆಯ ನೌಕರರೇ ಆಗಿದ್ದರು. ನೌಕರಿ ಮುಗಿದೊಡನೆ ಮನೆಯೂ ಬಿಡಬೇಕು. ಹಕ್ಕಿಗೆ ಗೂಡು ದೊರೆಯಿತು, ಮನುಷ್ಯನಿಗೆ ನೆಲೆ ದೊರೆಯಲಿಲ್ಲ.

ಎಗ್ ದ್ವೀಪದಲ್ಲಿ ೧೯೬೬ರ ತರುವಾಯ ಮಾಲೀಕರು ಮೇಲಿಂದ ಮೇಲೆ ಬದಲಾದರು. ೧೯೭೫ರಲ್ಲಿ ಕೊಂಡ ಕೀತ್ ಷೆಲೆನ್‌ಬರ್ಗ್ ಎಂಬವರ ಕಾಲದಲ್ಲಿ ಮೊದಮೊದಲು ಕೆಲವು ಉದ್ಯೋಗಗಳು ಹುಟ್ಟಿದುವಾದರೂ, ಕ್ರಮೇಣ ಮಾಲೀಕನಿಗೂ ನಿವಾಸಿಗಳಿಗೂ ವಿರಸ ಬೆಳೆಯಿತು. ಗೇಣಿಯ ಹಕ್ಕು ಗಟ್ಟಿಯಿಲ್ಲದ ಮನೆಯಲ್ಲಿ ಇರುವವನು ಸೂರನ್ನು ದುರಸ್ತಿಮಾಡಿಸಲು ಹಿಂಜರಿಯುತ್ತಾನೆ. ನಾಳೆ ಯಾರ ಪಾಲಾಗುವುದೋ ತಿಳಿಯದ ನೆಲದಲ್ಲಿ ಗಿಡ ನೆಡುವವನಿಲ್ಲ. ೧೯೯೫ರಲ್ಲಿ ದ್ವೀಪವು ಮಾರುಮ ಎಂಬ ಹೆಸರಿನ ಜರ್ಮನ್ ಕಲಾವಿದನೊಬ್ಬನ ಕೈಸೇರಿ, ಎರಡೇ ವರ್ಷಗಳಲ್ಲಿ ಮತ್ತೆ ಮಾರಾಟಕ್ಕೆ ಬಂದಿತು.

ಈ ಹೊತ್ತಿಗೆ ನಿವಾಸಿಗಳು ಒಂದು ನಿರ್ಧಾರಕ್ಕೆ ಬಂದಿದ್ದರು. ೧೯೯೩ರಲ್ಲಿ ಅಸಿಂಟ್ ಪ್ರದೇಶದ ಕ್ರಾಫ್ಟರುಗಳು ತಾವು ಗೇಣಿಗಿದ್ದ ಎಸ್ಟೇಟನ್ನು ಒಟ್ಟಾಗಿ ಕೊಂಡದ್ದು ಅವರ ಕಣ್ಣಮುಂದಿದ್ದಿತು. ಎಗ್ ದ್ವೀಪದ ನಿವಾಸಿಗಳ ಸಂಘ, ಹೈಲೆಂಡ್ ಕೌನ್ಸಿಲ್ ಮತ್ತು ಸ್ಕಾಟಿಷ್ ವೈಲ್ಡ್‌ಲೈಫ್ ಟ್ರಸ್ಟ್ ಎಂಬ ನಿಸರ್ಗರಕ್ಷಣಾ ಸಂಸ್ಥೆ ಈ ಮೂರೂ ಸೇರಿ ಒಂದು ಟ್ರಸ್ಟನ್ನು ರಚಿಸಿದುವು. ಸಾರ್ವಜನಿಕರಿಂದ ಸಾವಿರಾರು ದೇಣಿಗೆಗಳು ಬಂದುವು. ಹೆಸರು ಹೇಳಲಿಚ್ಛಿಸದ ಮಹಿಳೆಯೊಬ್ಬರು ದೊಡ್ಡ ಮೊತ್ತವನ್ನಿತ್ತರು. ೧೯೯೭ರ ಜೂನ್ ೧೨ರಂದು ೧೫ ಲಕ್ಷ ಪೌಂಡುಗಳಿಗೆ ಕೊಂಡ ದ್ವೀಪವು ಟ್ರಸ್ಟಿನ ಸ್ವಾಧೀನಕ್ಕೆ ಬಂದಿತು. ಆಗ ಅಲ್ಲಿದ್ದ ಜನ ಅರವತ್ತಕ್ಕಿಂತ ಸ್ವಲ್ಪ ಹೆಚ್ಚು.

ಈ ವ್ಯವಸ್ಥೆಯಲ್ಲಿ ನಿಸರ್ಗರಕ್ಷಣಾ ಸಂಸ್ಥೆಯು ಒಡೆಯನಲ್ಲ, ಪಾಲುದಾರ. ರಮ್ ದ್ವೀಪದ ವ್ಯವಸ್ಥೆಗೂ ಇದಕ್ಕೂ ಇರುವ ಮುಖ್ಯ ಭೇದ ಇದೇ. ಟ್ರಸ್ಟು ಗೇಣಿದಾರರಿಗೆ ಭದ್ರವಾದ ಹಕ್ಕುಗಳನ್ನು ನೀಡಿತು. ಮನೆಗಳ ದುರಸ್ತಿ ಆರಂಭವಾಯಿತು. ಧಕ್ಕೆಯ ಬಳಿ ಅಂಗಡಿ, ಚಹದಂಗಡಿಗಳಿರುವ ಕಟ್ಟಡ ಎದ್ದಿತು. ಪರದೇಶದ ಸೂಚೀಪರ್ಣಿ ಮರಗಳ ನೆಡುತೋಪುಗಳನ್ನು ಕಡಿದು, ಸೌದೆಯಾಗಿ ಬಳಸಿ, ಆ ಸ್ಥಳದಲ್ಲಿ ನಾಡಮರಗಳನ್ನು ಬೆಳೆಸುವ ಕೆಲಸ ನಡೆಯಿತು. ಹದ್ದುಗಳ ಗೂಡು, ಹೇಜಲ್ ಪೊದೆಗಾಡುಗಳ ಮೇಲ್ವಿಚಾರಣೆಗೆ ದ್ವೀಪದಲ್ಲಿಯೇ ನೆಲಸಿದ ಪಾಲಕನಿದ್ದು, ಆತನು ನಿವಾಸಿಗಳಿಗೆ ನೆರೆಯವನೂ ಆಗಿದ್ದನು.

ಎಲ್ಲಕ್ಕಿಂತ ಹೆಚ್ಚಾಗಿ ಗಮನ ಸೆಳೆಯುವುದು ವಿದ್ಯುಚ್ಛಕ್ತಿಯ ಏರ್ಪಾಡು. ಈ ದ್ವೀಪಕ್ಕೆ ರಾಷ್ಟ್ರದ ವಿದ್ಯುಜ್ಜಾಲದ ಸಂಪರ್ಕವಿಲ್ಲ. ೨೦೦೮ರವರೆಗೆ ಮನೆಮನೆಯಲ್ಲಿಯೂ ಡೀಸೆಲ್ ಯಂತ್ರ ಗದ್ದಲಮಾಡುತ್ತಿದ್ದಿತು. ಆ ವರ್ಷದ ಫೆಬ್ರವರಿಯಲ್ಲಿ ನೀರು, ಗಾಳಿ, ಬಿಸಿಲು ಈ ಮೂರರಿಂದಲೂ ವಿದ್ಯುತ್ತನ್ನು ಉತ್ಪಾದಿಸುವ ದ್ವೀಪದ ಸ್ವಂತ ವ್ಯವಸ್ಥೆ ಚಾಲನೆಗೆ ಬಂದಿತು. ಉತ್ಪಾದನೆ ಮಿತವಾದುದರಿಂದ ಒಂದು ಮನೆಯು ಏಕಕಾಲಕ್ಕೆ ೫ ಕಿಲೋವಾಟನ್ನು ಮೀರಿ ಬಳಸಕೂಡದೆಂದು ನಿಯಮವಾಯಿತು; ಮೀರಿದರೆ ಆ ಮನೆಯ ಸರಬರಾಜು ತಾನಾಗಿಯೇ ನಿಲ್ಲುತ್ತದೆ. ಮಳೆ ಕಡಿಮೆಯಾಗಿ ಗಾಳಿ ಬೀಸದ ದಿನಗಳಲ್ಲಿ ಎಲ್ಲರೂ ಬಳಕೆಯನ್ನು ತಗ್ಗಿಸುತ್ತಾರೆ. ಕೆರೆಯ ನೀರನ್ನು ಸರದಿಯಂತೆ ಹಂಚಿಕೊಳ್ಳುವ ರೈತರಿಗೆ ಈ ನಿಯಮದ ತಾತ್ಪರ್ಯವನ್ನು ವಿವರಿಸಬೇಕಾಗಿಲ್ಲ. ಮಿತಿಯನ್ನು ಹೊರಗಿನವರು ಹೇರಿದ್ದರೆ ಅದು ದಂಡನೆಯಾಗಿ ತೋರುತ್ತಿದ್ದಿತು. ತಾವೇ ವಿಧಿಸಿಕೊಂಡುದರಿಂದ ಅದು ಊರಿನ ಕಟ್ಟಳೆಯಾಯಿತು.

ಫಲವನ್ನು ಜನಸಂಖ್ಯೆಯಿಂದಲೂ ಅಳೆಯಬಹುದು. ೨೦೧೧ರ ಜನಗಣತಿಯಲ್ಲಿ ಎಗ್ ದ್ವೀಪದಲ್ಲಿ ೮೩ ಮಂದಿಯಿದ್ದರು. ಬಳಿಕ ಈ ಸಂಖ್ಯೆ ನೂರನ್ನು ದಾಟಿತು. ಮೂರು ಪಟ್ಟು ವಿಸ್ತಾರವಾದ ರಮ್ ದ್ವೀಪದಲ್ಲಿ ಅದೇ ಗಣತಿಯಲ್ಲಿ ಇದ್ದವರು ೨೨ ಮಂದಿ ಮಾತ್ರ. ಶಾಲೆ, ಅಂಗಡಿ, ಧಕ್ಕೆಗಳನ್ನು ನಡೆಸಿಕೊಂಡು ಹೋಗಲು ಬೇಕಾದಷ್ಟು ಜನರಿಲ್ಲದೆ ನಿಸರ್ಗಧಾಮವೂ ಸುಸೂತ್ರವಾಗಿ ನಡೆಯದೆಂಬ ಅರಿವು ಅಲ್ಲಿಯೂ ಮೂಡಿತು. ೨೦೦೯ ಮತ್ತು ೨೦೧೦ರಲ್ಲಿ ಕಿನ್‌ಲಾಕ್ ಹಳ್ಳಿಯ ಭೂಮಿ ಮನೆಗಳನ್ನು ನಿವಾಸಿಗಳ ಟ್ರಸ್ಟಿಗೆ ವಹಿಸಲಾಯಿತು. ಅರ್ಧ ಶತಮಾನದ ಅನುಭವದ ತರುವಾಯ ರಮ್ ತನ್ನ ನೆರೆಯ ದ್ವೀಪದ ದಾರಿಯಲ್ಲಿ ಹೆಜ್ಜೆಯಿಟ್ಟಿತೆನ್ನಬಹುದು. ಇದೇ ಅವಧಿಯಲ್ಲಿ ೨೦೦೩ರ ಭೂಸುಧಾರಣಾ ಕಾಯಿದೆಯು, ಎಸ್ಟೇಟು ಮಾರಾಟಕ್ಕೆ ಬಂದಾಗ ಅದನ್ನು ಮೊದಲು ಕೊಳ್ಳುವ ಅವಕಾಶವನ್ನು, ಆ ಕುರಿತು ಮುಂಚೆಯೇ ನೋಂದಾಯಿಸಿಕೊಂಡ ಸ್ಥಳೀಯ ಸಮುದಾಯಕ್ಕೆ ಒದಗಿಸಿತು.

ಎಗ್ ದ್ವೀಪದ ಯಶಸ್ಸನ್ನು ಅತಿಶಯವಾಗಿ ಹೇಳುವುದು ಸಲ್ಲದು. ಅಲ್ಲಿನ ಖರೀದಿ ದಾನಿಗಳ ಔದಾರ್ಯದಿಂದ ಸಾಧ್ಯವಾಯಿತು. ತರುವಾಯದ ಕಾರ್ಯಗಳಿಗೂ ಸಾರ್ವಜನಿಕ ಧನಸಹಾಯ ಬೇಕಾಯಿತು. ನೂರು ಜನರು ಮುಖಾಮುಖಿ ಕುಳಿತು ಮಾಡುವ ಕಟ್ಟಳೆಯನ್ನು ಲಕ್ಷ ಜನರ ಪ್ರದೇಶಕ್ಕೆ ಹಾಗೆಯೇ ಅನ್ವಯಿಸಲೂ ಆಗದು. ಜಿಂಕೆಯ ಸಂಶೋಧನೆಯಂಥ ಕಾರ್ಯಗಳಿಗೆ ರಮ್ ದ್ವೀಪದ ಮಾದರಿಯೇ ಅನುಕೂಲವಾಗಿದ್ದಿತೆಂಬುದನ್ನೂ ಒಪ್ಪಬೇಕು.

ಇಷ್ಟನ್ನು ಒಪ್ಪಿಯೂ ನಮ್ಮ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ನೆಲವನ್ನು ಕಾಪಾಡುವ ಬುದ್ಧಿ ಜನರಿಗಿಲ್ಲವೆಂದು ಆಕ್ಷೇಪಿಸುವ ಮೊದಲು, ಆ ನೆಲದಲ್ಲಿ ನಿಲ್ಲುವ ಹಕ್ಕು ಅವರಿಗಿದ್ದಿತೇ ಎಂದು ಚರಿತ್ರಕಾರನು ಕೇಳಬೇಕು. ಗ್ರೂಲಿನ್ನಿನ ೧೪ ಸಂಸಾರಗಳಿಗೆ ಆ ಹಕ್ಕಿರಲಿಲ್ಲ. ಅವರು ಬಿಟ್ಟುಹೋದ ಗೋಡೆಗಳ ನೆರಳಿನಲ್ಲಿ, ೧೪೪ ವರ್ಷಗಳ ತರುವಾಯ, ಅದೇ ದ್ವೀಪದ ಜನರು ಹಕ್ಕನ್ನು ಪಡೆದು, ತಮ್ಮ ಬಳಕೆಗೆ ತಾವೇ ಮಿತಿ ಹಾಕಿಕೊಂಡರು. ಈ ಎರಡು ಸಂಗತಿಗಳನ್ನು ಜೊತೆಯಾಗಿಟ್ಟು ಓದಿದಾಗ ಮಾತ್ರ ಆ ದ್ವೀಪದ ಚರಿತ್ರೆ ಪೂರ್ಣವಾಗಿ ಅರ್ಥವಾಗುತ್ತದೆ.