ಪರದೇಶಕ್ಕೆ ಹೊರಟವರ ಕೈಯಲ್ಲೊಂದು ಪುಸ್ತಕ



ನಂದೇಶ್ವರ, ಮಂಗಳವೇಢೆ ಕಡೆಯ ನಮಗೆ ಪಂಢರಪುರದ ವಾರಿಗೆ ಹೋಗಲು ಪುಸ್ತಕ ಬೇಕಿಲ್ಲ. ದಿಂಡಿಯೇ ದಾರಿ ತೋರಿಸುತ್ತದೆ. ಎಲ್ಲಿ ನೀರು, ಎಲ್ಲಿ ಊಟ, ಎಲ್ಲಿ ವಸ್ತಿ ಎಂಬುದು ಹಿರಿಯರಿಗೆ ಗೊತ್ತು. ಆದರೆ ಮಗಳ ಬಾಣಂತನಕ್ಕೆಂದು ಅಮೇರಿಕಕ್ಕೋ, ಮಗನ ಮನೆಗೆಂದು ಜರ್ಮನಿಗೋ ತಿಂಗಳುಗಟ್ಟಲೆ ಹೋಗುವ ತಂದೆ-ತಾಯಿಗೆ ಅಂಥ ದಿಂಡಿ ಸಿಗುವುದಿಲ್ಲ. ಮಕ್ಕಳು ಕೆಲಸಕ್ಕೆ ಹೋದರೆ ಹಗಲೆಲ್ಲ ಕಿಡಕಿಯ ಮುಂದೆ ಕೂಡ್ರುವುದೇ ಆಗುತ್ತದೆ. ತಾವಾಗಿಯೇ ನಾಲ್ಕು ಹೆಜ್ಜೆ ಹೊರಗೆ ಇಡಬೇಕೆನ್ನುವವರಿಗೆ ಪ್ರವಾಸಿ ಕೈಪಿಡಿ, ಅಂದರೆ ಗೈಡ್ ಪುಸ್ತಕ, ನೆರವಾಗುತ್ತದೆ.

ಮೊದಲು ಒಂದು ಭೇದ ತಿಳಿಯೋಣ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಪು. ಲ. ದೇಶಪಾಂಡೆಯವರ ‘ಅಪೂರ್ವಾಈ’ ಪ್ರವಾಸ ಕಥನಗಳು. ಎರಡೂ ಭಾಷೆ ಬಲ್ಲ ನಮಗೆ ಎರಡರ ರುಚಿಯೂ ಉಂಟು. ಅಲ್ಲಿ ಲೇಖಕರ ಮನಸ್ಸು ಕಾಣುತ್ತದೆ. ಬಸ್ಸಿನ ನಂಬರು ಸಿಗುವುದಿಲ್ಲ. ದಾರಿ, ವಸತಿ, ಖರ್ಚು ತಿಳಿಸುವ ಕೈಪಿಡಿಗಳನ್ನು ಯುರೋಪಿನಲ್ಲಿ ಬೇಡೆಕರ್, ಮರ್ರೆ ಎಂಬ ಪ್ರಕಾಶಕರು ಹತ್ತೊಂಬತ್ತನೆಯ ಶತಮಾನದಲ್ಲೇ ಬೆಳೆಸಿದರು. ಕಡಿಮೆ ಖರ್ಚಿನ ಪ್ರವಾಸಿಗರಿಗಾಗಿ ವೀಲರ್ ದಂಪತಿಗಳು 1973ರಲ್ಲಿ ‘ಲೋನ್ಲಿ ಪ್ಲಾನೆಟ್’ ಮಾಲೆ ಆರಂಭಿಸಿದರು.

ಪುಸ್ತಕ ಆರಿಸುವಾಗ ಹೊದಿಕೆಯ ಚಿತ್ರ ನೋಡಬೇಡಿ. ಮುದ್ರಣದ ವರ್ಷ ನೋಡಿ. ಬರೆಯಲು, ಅಚ್ಚಾಗಲು ಹಿಡಿದ ಕಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದೇ ಊರಿನಲ್ಲಿ ಉಳಿಯುವವರಿಗೆ ಇಡೀ ಯುರೋಪಿನ ದಪ್ಪ ಪುಸ್ತಕ ಬೇಡ, ಆ ಊರಿನದೇ ತೆಳ್ಳನೆಯದು ಸಾಕು. ನಕಾಶೆ ಸ್ಪಷ್ಟವಿರಲಿ, ಕೊನೆಯಲ್ಲಿ ಅಕಾರಾದಿ ಸೂಚಿ ಇರಲಿ. ಇನ್ನೊಂದು ಪರೀಕ್ಷೆಯುಂಟು. ಅದೇ ಪ್ರಕಾಶಕರ ಭಾರತದ ಪುಸ್ತಕ ತೆರೆದು ವಿಜಯಪುರದ ಗೋಲಗುಮ್ಮಟದ ಪುಟ ಓದಿ. ನೀವು ಕಣ್ಣಾರೆ ಕಂಡದ್ದನ್ನು ಅವರು ಸರಿಯಾಗಿ ಹೇಳಿದ್ದರೆ, ಕಾಣದ ಊರಿನ ಬಗ್ಗೆಯೂ ಅಷ್ಟು ನಂಬಬಹುದು.

ಇನ್ನು ಬಳಸುವ ರೀತಿ. ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ. ಆದ್ದರಿಂದ ಹೊರಡುವ ಮುನ್ನವೇ ಓದು ಬಲ್ಲ ಮಕ್ಕಳನ್ನು ಕೂಡ್ರಿಸಿಕೊಂಡು, ಬೇಕಾದದ್ದನ್ನು ಒಂದು ಸಣ್ಣ ವಹಿಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಉಳಿಯುವ ಮನೆಯ ವಿಳಾಸವನ್ನು ಮಾತ್ರ ಆ ದೇಶದ ಲಿಪಿಯಲ್ಲೇ ಬರೆಸಿರಿ. ತುರ್ತು ಫೋನ್ ನಂಬರು ಅಮೇರಿಕದಲ್ಲಿ 911, ಯುರೋಪಿನ ಒಕ್ಕೂಟದ ದೇಶಗಳಲ್ಲಿ 112. ರಜೆಯ ದಿನಗಳನ್ನೂ ಗುರುತು ಮಾಡಿ. ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯ ಮಂಗಳವಾರ ಮುಚ್ಚಿರುತ್ತದೆ.

ಭಾಷೆಯ ಪುಟದಿಂದ ಹತ್ತು ಮಾತು ಕಲಿಯಿರಿ. ‘ನಾನು ಸಸ್ಯಾಹಾರಿ’ ಎಂದರೆ ಕೆಲವು ಕಡೆ ಮೀನು ನಡೆಯುತ್ತದೆಂದೇ ತಿಳಿಯುತ್ತಾರೆ. ‘ಮಾಂಸ, ಮೀನು, ತತ್ತಿ ತಿನ್ನುವುದಿಲ್ಲ’ ಎಂದು ಬಿಡಿಸಿ ಹೇಳಬೇಕು. ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನೀಸರು 1938ರಲ್ಲಿ ಚೀನಾಕ್ಕೆ ಹೋಗಿ, ಅಲ್ಲಿಯ ಭಾಷೆ ಕಲಿತೇ ಅಲ್ಲಿಯ ಗಾಯಾಳುಗಳ ಸೇವೆ ಮಾಡಿದರು. ನಮಗೆ ಅಷ್ಟು ಬೇಕಿಲ್ಲ. ಹತ್ತು ಮಾತಾದರೂ ಬರಲಿ.

ಆದರೆ ಕೆಲವು ಸಂಗತಿಗಳಲ್ಲಿ ಪುಸ್ತಕವನ್ನು ನಂಬಿ ಕೂಡ್ರಬಾರದು. ದರ, ರೈಲಿನ ವೇಳೆ ಬದಲಾಗುತ್ತವೆ. ವೀಸಾದ ನಿಯಮವನ್ನು ಆಯಾ ದೇಶದ ದೂತಾವಾಸದಿಂದಲೇ ತಿಳಿಯಬೇಕು. ಜರ್ಮನಿ, ಫ್ರಾನ್ಸ್ ಸೇರಿದ ಶೆಂಗೆನ್ ದೇಶಗಳಲ್ಲಿ ಸಂದರ್ಶಕರಿಗೆ ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮಾತ್ರ ಇರಲು ಅವಕಾಶ. ಅಮೇರಿಕದಲ್ಲಿಯಂತೂ ವೀಸಾದ ಮೇಲಿನ ಕೊನೆಯ ತಾರೀಖು ಬೇರೆ, ಅಲ್ಲಿ ಇಳಿದಾಗ ಅಧಿಕಾರಿ ಕೊಡುವ ವಾಸದ ಗಡುವು ಬೇರೆ. ವೀಸಾ ಹತ್ತು ವರ್ಷದ್ದಿದ್ದರೂ ಗಡುವು ಮೀರಿ ಉಳಿದರೆ ಮುಂದೆ ಮೊಮ್ಮಕ್ಕಳ ಮುಖ ನೋಡುವ ದಾರಿಯೇ ಕಟ್ಟಾದೀತು. ಆ ಗಡುವನ್ನು ವಹಿಯ ಮೊದಲ ಪುಟದಲ್ಲೇ ಬರೆದಿಡಿ.

ತಿನಿಸಿನ ವಿಷಯವೂ ಹಾಗೆಯೇ. ಆಸ್ಟ್ರೇಲಿಯಕ್ಕೆ ಹೋಗುವವರು ಗಂಟಿನಲ್ಲಿರುವ ಶೇಂಗಾ ಚಟ್ನಿಯನ್ನೂ ಇಳಿದ ಕೂಡಲೇ ತಿಳಿಸಬೇಕು. ಮುಚ್ಚಿಟ್ಟರೆ ದೊಡ್ಡ ದಂಡ. ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಗಳಿದ್ದರೆ ಡಾಕ್ಟರರ ಚೀಟಿ ಜೊತೆಗಿರಲಿ. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರೂ ಇರಲಿ.

ಪುಸ್ತಕ ದಾರಿ ತೋರಿಸೀತು, ನಡೆಯುವವರು ನಾವೇ. ದಾರಿ ತಪ್ಪಿದರೆ ಸಂಕೋಚಪಡದೆ ಕೇಳಿ. ಕೇಳಿದವರಿಗೆ ದಾರಿ ಹೇಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ನಿಮ್ಮ ಪ್ರವಾಸ ಸುಖಕರವಾಗಲಿ.